ಥರ್ಮೋಕಪಲ್ ಮನೇಲೇ ಮಾಡ್ಕೊಳ್ಳೋರಿಗೆ: ತುದಿ ಚಿಂತೆ ಬಿಡಿ, ವೈರ್ ನೋಡಿ

ಥರ್ಮೋಕಪಲ್ ಅಂದ್ರೆ ಎರಡು ಬೇರೆ ಲೋಹದ ವೈರಿನ ತುದಿ ಕೂಡಿಸಿ ಟೆಂಪರೇಚರ್ ಅಳೆಯೋ ಸಾಧನ. ಅದನ್ನ ಮನೇಲೇ ಮಾಡ್ಕೊಂಡೆ ಅಂದ್ರೆ ಸಾಕು, ಎಲ್ರೂ ಮೊದ್ಲು ಕೇಳೋದು ತುದಿ ಹೆಂಗೆ ವೆಲ್ಡ್ ಮಾಡಿದ್ರಿ ಅಂತ. ವೈರ್ ಯಾವ್ದು, ಅದರ ಇನ್ನೊಂದು ಕೊನೆ ಎಲ್ಲಿ ಹೋಗಿ ಸೇರತ್ತೆ, ಆ ಜಾಗ ಎಷ್ಟು ಬಿಸಿ ಇದೆ, ಇದನ್ನ ಯಾರೂ ಕೇಳಲ್ಲ. ನನ್ ಪ್ರಕಾರ ಇದು ಪೂರ್ತಿ ಉಲ್ಟಾ. ತುದಿ ಕೂಡಿಸೋದು ಇಡೀ ಕೆಲ್ಸದಲ್ಲಿ ಅತೀ ಸುಲಭದ ಭಾಗ, ಅದು ಸೊಟ್ಟಗಿದ್ರೂ ಕಪ್ಪಗಿದ್ರೂ ನೋಡೋಕೆ ಅಸಹ್ಯವಾಗಿದ್ರೂ ತೋರ್ಸೋ ಟೆಂಪರೇಚರ್ ಸರಿಯಾಗೇ ಇರತ್ತೆ. ಎಡವಟ್ಟಾಗೋದೆಲ್ಲ ವೈರಲ್ಲಿ, ಇಲ್ಲಾಂದ್ರೆ ತಣ್ಣಗಿರೋ ಆ ಕಡೆ ಕೊನೇಲಿ.

ನಾನು ಇದಕ್ಕೆ ಕೈ ಹಾಕಿದ್ದು ಕಾಫಿ ಹುರಿಯೋ ಡ್ರಮ್ಮಿಗೋಸ್ಕರ. ಚಿಕ್ಕಮಗಳೂರು ಕಡೆಯಿಂದ ಹಸಿ ಬೀಜ ತರ್ಸಿ, ಗ್ಯಾಸ್ ಬರ್ನರ್ ಮೇಲೆ ಸ್ಟೀಲ್ ಡ್ರಮ್ ತಿರುಗಿಸ್ಕೊಂಡು ಹುರಿಯೋ ಹುಚ್ಚು. ಬೀಜ ಮೊದಲ್ನೇ ಸಲ ಚಟಪಟ ಅನ್ನೋದು ಹೆಚ್ಚುಕಮ್ಮಿ 200 ಡಿಗ್ರಿ ಹತ್ರ, ಅಲ್ಲಿಂದ ಮುಂದೆ ಎಲ್ಲಾ ಬೇಗ ಬೇಗ ಆಗೋಗತ್ತೆ, ಸ್ವಲ್ಪ ಆಚೀಚೆ ಆದ್ರೂ ಕುಡಿಯೋವಾಗ ಗೊತ್ತಾಗತ್ತೆ. ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಮ್ಯಾಕ್ಸ್6675 ಮಾಡ್ಯೂಲ್ (ಥರ್ಮೋಕಪಲ್ ವೋಲ್ಟೇಜ್ ಅಳೆದು ಡಿಗ್ರಿ ಹೇಳೋ ಚಿಪ್ಪಿರೋ ಪುಟ್ಟ ಬೋರ್ಡು) ಜೊತೆ ಒಂದು ಪ್ರೋಬ್ ಬರತ್ತಲ್ಲ, ಬೋಲ್ಟ್ ಥರ ಥ್ರೆಡ್ ಇರೋದು, ಅದು ಏನಾದ್ರೂ ಲೋಹದ ಬ್ಲಾಕಿಗೆ ತಿರುಪಿ ಕೂರ್ಸೋಕೆ ಸರಿ, ಆದ್ರೆ ಬೀಜದ ಮಧ್ಯ ಇಟ್ರೆ ದಪ್ಪ ಜಾಸ್ತಿಯಾಗಿ ಬಿಸಿ ಏರೋದನ್ನ ತಡವಾಗಿ ಹೇಳತ್ತೆ. ತೆಳು ವೈರಿನ ಬರಿ ತುದಿ ಆದ್ರೆ ಚಕ್ ಅಂತ ಹೇಳತ್ತೆ. ಇನ್ನು ಉದ್ದ ನಮಗೆ ಬೇಕಾದಷ್ಟು ಇಟ್ಕೋಬೋದು, ಒಂದರ ಬದ್ಲು ನಾಲ್ಕು ಕಡೆ ಹಾಕ್ಬೋದು, ಹಾಳಾದ್ರೆ ಕತ್ತರಿಸಿ ಮತ್ತೆ ಮಾಡ್ಬೋದು. ಮನೇಲಿ ಮಾಡ್ಕೊಳ್ಳೋಕೆ ಕಾರಣ ಇಷ್ಟೇ, ದುಡ್ಡು ಉಳಿಸೋದು ಎರಡ್ನೇ ಮಾತು.

ಸ್ವಲ್ಪ ಥಿಯರಿ ಹೇಳ್ಲೇಬೇಕು, ಯಾಕಂದ್ರೆ ಎಲ್ಲಾ ಗೊಂದಲ ಇಲ್ಲೇ ಹುಟ್ಟೋದು. 1821ರಲ್ಲಿ ಬರ್ಲಿನ್ನಲ್ಲಿ ಥಾಮಸ್ ಯೋಹಾನ್ ಸೀಬೆಕ್ ಎರಡು ಬೇರೆ ಬೇರೆ ಲೋಹ ಸೇರ್ಸಿ ಒಂದು ಬಳೆ ಥರ ಮಾಡಿ ಒಂದು ಜಾಯಿಂಟ್ ಬಿಸಿ ಮಾಡಿದ, ಪಕ್ಕದಲ್ಲಿಟ್ಟಿದ್ದ ದಿಕ್ಸೂಚಿ ಮುಳ್ಳು ತಿರುಗ್ತು. ಆತ ಇದನ್ನ ಅಯಸ್ಕಾಂತದ ವಿಷಯ ಅಂತಾನೇ ಹಠ ಹಿಡಿದ, ಭೂಮಿಗೆ ಅಯಸ್ಕಾಂತ ಗುಣ ಬಂದಿರೋದೂ ಈ ಬಿಸಿ-ತಂಪಿನ ವ್ಯತ್ಯಾಸದಿಂದಲೇ ಅನ್ನೋವರೆಗೂ ಹೋದ. ಇಲ್ಲ ಕಣಪ್ಪ, ಹರೀತಿರೋದು ಕರೆಂಟು, ಅದಕ್ಕೇ ಮುಳ್ಳು ತಿರುಗ್ತಿರೋದು ಅಂತ ಸರಿಯಾಗಿ ಹೇಳಿದ್ದು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್, ಥರ್ಮೋಎಲೆಕ್ಟ್ರಿಕ್ ಅನ್ನೋ ಹೆಸರಿಟ್ಟಿದ್ದೂ ಆತನೇ. ಅಂದ್ರೆ ಈ ವಿಷಯದಲ್ಲಿ ಗೊಂದಲ ಮಾಡ್ಕೊಳ್ಳೋದು ಕಂಡುಹಿಡಿದವನಿಂದಲೇ ಶುರು, ನಾವು ಬೇಜಾರ್ ಮಾಡ್ಕೊಳ್ಳೋ ಹಾಗಿಲ್ಲ.

ಇವತ್ತಿಗೂ ಎಷ್ಟೋ ಪುಸ್ತಕದಲ್ಲಿ "ಜಾಯಿಂಟಲ್ಲಿ ವೋಲ್ಟೇಜ್ ಹುಟ್ಟತ್ತೆ" ಅಂತ ಬರೆದಿರ್ತಾರೆ. ಹಂಗಲ್ಲ. ವೋಲ್ಟೇಜ್ ಹುಟ್ಟೋದು ವೈರಿನ ಉದ್ದಕ್ಕೂ, ಎಲ್ಲೆಲ್ಲಿ ಟೆಂಪರೇಚರ್ ಬದಲಾಗ್ತಾ ಹೋಗತ್ತೋ ಅಲ್ಲೆಲ್ಲ. ಬೆಟ್ಟ ಹತ್ತೋವಾಗ ಏರೋದೆಲ್ಲ ದಾರೀಲೇ ಆಗೋದು, ತುದೀಲಿ ನಿಂತಾಗ ಏರೋಕೆ ಏನೂ ಇರಲ್ಲ. ಥರ್ಮೋಕಪಲ್ ತುದಿನೂ ಹಂಗೇ, ಆ ಮಣಿ ಪೂರ್ತಿ ಒಂದೇ ಬಿಸೀಲಿರತ್ತೆ, ಅದರೊಳಗೆ ವ್ಯತ್ಯಾಸಾನೇ ಇಲ್ಲ, ಹಾಗಾಗಿ ಅಲ್ಲಿ ವೋಲ್ಟೇಜೂ ಹುಟ್ಟಲ್ಲ. ಅದರ ಕೆಲ್ಸ ಎರಡು ವೈರನ್ನ ಕರೆಂಟ್ ಹರಿಯೋ ಹಾಗೆ ಮುಟ್ಟಿಸಿ ಒಂದೇ ಬಿಸೀಲಿಡೋದು, ಅಷ್ಟೇ. ಅದಕ್ಕೇ ನೀವು ಅದನ್ನ ತಿರುಚಿದ್ರೂ ನಡೆಯತ್ತೆ, ಬೆಳ್ಳಿ ಬೆಸುಗೆ ಹಾಕಿದ್ರೂ ನಡೆಯತ್ತೆ, ಒಂದು ಸ್ಕ್ರೂ ಕೆಳಗೆ ಎರಡನ್ನೂ ಒತ್ತಿ ಬಿಗಿದ್ರೂ ನಡೆಯತ್ತೆ. ಮಧ್ಯ ಬಂದ ಮೂರ್ನೇ ಲೋಹದ ಎರಡೂ ಕೊನೆ ಒಂದೇ ಬಿಸೀಲಿದ್ರೆ ಅದು ಲೆಕ್ಕಕ್ಕೇ ಬರಲ್ಲ.

ನಂಬಿಕೆ ಬರಲಿಲ್ಲ ಅಂದ್ರೆ ಮೀಟರಿಗೆ ಥರ್ಮೋಕಪಲ್ ಹಾಕಿ, ತುದಿನ ಒಂದು ಲೋಟ ನೀರಲ್ಲಿ ಮುಳುಗ್ಸಿಟ್ಟು, ವೈರಿನ ಮಧ್ಯಭಾಗಕ್ಕೆ ಲೈಟರ್ ಹಿಡೀರಿ. ಇನ್ಸುಲೇಷನ್ ಇಲ್ಲದ ವೈರಾಗಿರ್ಬೇಕು, ಇಲ್ಲಾಂದ್ರೆ ಮನೆ ತುಂಬ ಹೊಗೆ. ಒಳ್ಳೇ ವೈರಾದ್ರೆ ಓದು (ಮೀಟರ್ ತೋರ್ಸೋ ನಂಬರ್) ಕದಲಲ್ಲ, ಯಾಕಂದ್ರೆ ಈ ಕಡೆ ಏರಿದ್ದು ಆ ಕಡೆ ಇಳಿದು ಸಮ ಆಗೋಗತ್ತೆ. ಓದು ಏರಿಳಿದ್ರೆ ಆ ಜಾಗದಲ್ಲಿ ವೈರ್ ಒಂದೇ ಥರ ಇಲ್ಲ ಅಂತ ಅರ್ಥ, ಮಡಚಿ ಪೆಟ್ಟಾಗಿರ್ಬೋದು, ಹಳೇ ಬಿಸಿಗೆ ಬೆಂದಿರ್ಬೋದು, ಅಥ್ವಾ ಮಾಲೇ ಸರಿ ಇಲ್ಲದೆ ಇರ್ಬೋದು. ಮನೇಲಿ ವೈರಿನ ಗುಣಮಟ್ಟ ನೋಡೋಕೆ ಇದಕ್ಕಿಂತ ಸುಲಭದ ಟೆಸ್ಟ್ ನಂಗೆ ಗೊತ್ತಿಲ್ಲ.

ಈಗ ಯಾವ ವೈರು ಅನ್ನೋದು. ಮಾಮೂಲಿ ಎಲ್ರೂ ಬಳಸೋದು ಕೆ ಟೈಪು, ಒಂದು ವೈರ್ ಕ್ರೋಮೆಲ್ ಅಂದ್ರೆ ಸುಮಾರು 90 ಭಾಗ ನಿಕಲ್ 10 ಭಾಗ ಕ್ರೋಮಿಯಂ, ಇನ್ನೊಂದು ವೈರ್ ಅಲ್ಯುಮೆಲ್, ಅದೂ ಬಹುಪಾಲು ನಿಕಲ್ಲೇ, ಜೊತೆಗೆ ಸ್ವಲ್ಪ ಅಲ್ಯೂಮಿನಿಯಂ ಮ್ಯಾಂಗನೀಸ್ ಸಿಲಿಕಾನ್. ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಎರಡೂ ನೋಡೋಕೆ ಬೆಳ್ಳಗೇ ಇರತ್ತೆ, ಯಾವ್ದು ಯಾವ್ದು ಅಂತ ಗೊತ್ತಾಗ್ಬೇಕು ಅಂದ್ರೆ ಅಯಸ್ಕಾಂತ ಹಿಡೀರಿ, ಅಲ್ಯುಮೆಲ್ ಅಂಟ್ಕೊಳ್ಳತ್ತೆ, ಕ್ರೋಮೆಲ್ ಅಂಟ್ಕೊಳ್ಳಲ್ಲ, ಅಲ್ಯುಮೆಲ್ಲೇ ಮೈನಸ್ಸು. ಈ ಟ್ರಿಕ್ ಯಾಕೆ ಮುಖ್ಯ ಅಂದ್ರೆ ಬಣ್ಣ ನೋಡಿ ಹೇಳೋಕಾಗಲ್ಲ. ಅಮೆರಿಕದ ಪದ್ಧತೀಲಿ ಕೆ ಟೈಪಿಗೆ ಹಳದಿ ಪ್ಲಸ್ಸು, ಕೆಂಪು ಮೈನಸ್ಸು. ಹೌದು, ಕೆಂಪು ಮೈನಸ್ಸು! ನಾವೆಲ್ಲ ಬ್ಯಾಟರಿ ನೋಡಿ ಬೆಳೆದೋರು, ಕೈ ತಾನಾಗೇ ಕೆಂಪನ್ನ ಪ್ಲಸ್ಸಿಗೆ ಹಾಕ್ಬಿಡತ್ತೆ. ಐಇಸಿ ಅನ್ನೋ ಅಂತಾರಾಷ್ಟ್ರೀಯ ಪದ್ಧತೀಲಿ ಹಸಿರು ಪ್ಲಸ್ಸು ಬಿಳಿ ಮೈನಸ್ಸು, ಹಳೇ ಬ್ರಿಟಿಷ್ ವೈರಲ್ಲಿ ಕಂದು ಮತ್ತೆ ನೀಲಿ. ನಮ್ ಮಾರ್ಕೆಟ್ಟಲ್ಲಿ ಎಲ್ಲಾ ಥರದ್ದೂ ಸಿಗತ್ತೆ.

ಉಲ್ಟಾ ಹಾಕಿದ್ರೆ ಬಿಸಿ ಮಾಡಿದಾಗ ಓದು ಇಳಿಯತ್ತೆ, ತಕ್ಷಣ ಗೊತ್ತಾಗತ್ತೆ, ಪರವಾಗಿಲ್ಲ. ಅಪಾಯ ಇರೋದು ಮಧ್ಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದರ ಎರಡೂ ಕಡೆ ಉಲ್ಟಾ ಜೋಡ್ಸಿದಾಗ. ಆಗ ಎರಡು ತಪ್ಪು ಸೇರಿ ಓದು ಏರ್ತಾನೇ ಹೋಗತ್ತೆ, ಎಲ್ಲಾ ಸರಿ ಇದೆ ಅನ್ಸತ್ತೆ, ಆದ್ರೆ ಜೋಡಣೆ ಜಾಗಕ್ಕೂ ಮೀಟರಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದ್ಯೋ ಅದರ ಎರಡರಷ್ಟು ತಪ್ಪು ತೋರ್ಸತ್ತೆ. ಬರ್ನರ್ ಪಕ್ಕದಲ್ಲೇ ಜೋಡಣೆ ಇದ್ದು ಅದು 60 ಡಿಗ್ರಿ ಆಗಿ, ಮೀಟರ್ ಹತ್ರ 30 ಇದ್ರೆ, 60 ಡಿಗ್ರಿ ಕಮ್ಮಿ ಓದತ್ತೆ. ಕಾಫಿ ಇದ್ದಿಲಾಗತ್ತೆ.

ಅಂಗಡೀಲಿ ಕೇಳ್ಬೇಕಾದ್ರೆ ಇನ್ನೊಂದು ಹುಷಾರು. ಬೆಂಗಳೂರಲ್ಲಿ ಎಸ್‌ಪಿ ರೋಡಿನ ಗಲ್ಲಿಗಳಲ್ಲಿ, ಕೈಗಾರಿಕೆ ಏರಿಯಾಗಳ ಹೀಟರ್ ಸಾಮಾನಿನ ಅಂಗಡಿಗಳಲ್ಲಿ "ಕೆ ಟೈಪ್ ಕೇಬಲ್" ಅಂದ್ರೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡ್ತಾರೆ, ಆದ್ರೆ ಅದು ಕಾಂಪನ್ಸೇಟಿಂಗ್ ಕೇಬಲ್ ಇರ್ಬೋದು. ಅದರಲ್ಲಿ ಒಂದು ಥರ ಒಳಗಡೆ ತಾಮ್ರ ಮತ್ತೆ ಕಾನ್ಸ್ಟಂಟನ್ (ತಾಮ್ರ-ನಿಕಲ್ ಮಿಶ್ರಲೋಹ) ಇರತ್ತೆ, ರೂಮ್ ಟೆಂಪರೇಚರಿನ ಆಸುಪಾಸಲ್ಲಿ ಕೆ ಟೈಪಿನ ಥರಾನೇ ನಡ್ಕೊಳ್ಳತ್ತೆ ಅಂತ ಅಗ್ಗಕ್ಕೆ ಮಾಡಿರೋದು, ಮೀಟರಿಂದ ಪ್ರೋಬ್ ತಲೆವರೆಗೆ ಎಳೆಯೋಕೆ ಮಾತ್ರ. ಅದರಲ್ಲೇ ತುದಿ ಮಾಡಿ ಬೆಂಕೀಲಿಟ್ರೆ ನಂಬರ್ ತಪ್ಪು. ತುದಿ ಸ್ವಲ್ಪ ಕೆರೆದು ನೋಡಿ, ಒಂದು ಎಳೆ ತಾಮ್ರದ ಬಣ್ಣ ಕಂಡ್ರೆ ಅದು ಕೆ ಅಲ್ಲ. ನಿಮ್ಮಲ್ಲಿ ಅಯಸ್ಕಾಂತ ಹೇಗೂ ಜೇಬಲ್ಲಿರತ್ತೆ, ಅದನ್ನೂ ಹಿಡೀರಿ. ಇನ್ನು ನಿಜವಾದ ಕೆ ವೈರೇ ಆದ್ರೂ ಮೇಲಿನ ಪ್ಲಾಸ್ಟಿಕ್ ಯಾವ್ದು ಅಂತ ನೋಡಿ, ಪಿವಿಸಿ ಆದ್ರೆ ಬೆಂಕಿ ಹತ್ರ ಕರಗತ್ತೆ, ಫೈಬರ್‌ಗ್ಲಾಸ್ ನೇಯ್ಗೆ ಇರೋದು ತಗೊಳ್ಳಿ.

ಪೂರ್ತಿ ಗುಜರಿಯಿಂದಲೇ ಮಾಡ್ತೀನಿ ಅನ್ನೋರಿಗೆ ಕಾನ್ಸ್ಟಂಟನ್ ವೈರೇ ಗತಿ. ತಾಮ್ರ 55, ನಿಕಲ್ 45. ಪಿಯುಸಿ ಫಿಸಿಕ್ಸ್ ಲ್ಯಾಬಲ್ಲಿ ಮೀಟರ್ ಬ್ರಿಡ್ಜ್ ಅಂತ ಉದ್ದದ ಹಲಗೆ ಮೇಲೆ ಒಂದು ತಂತಿ ಎಳೆದಿರ್ತಿದ್ರಲ್ಲ, ಅದು ಬಹಳ ಕಡೆ ಇದೇ, ಕೆಲವು ಕಡೆ ಮ್ಯಾಂಗನಿನ್. ಲ್ಯಾಬ್ ಸಾಮಾನು ಮಾರೋ ಅಂಗಡೀಲಿ ಸಿಗತ್ತೆ, ಹೆಸರು ಹೇಳಿ ಕೇಳಿ, ಮ್ಯಾಂಗನಿನ್ ತಂದ್ರೆ ಅದು ತಾಮ್ರದ ಜೊತೆ ಹೆಚ್ಚುಕಮ್ಮಿ ವೋಲ್ಟೇಜೇ ಕೊಡಲ್ಲ. ಕಾನ್ಸ್ಟಂಟನ್ನಿಗೆ ಮನೆ ವೈರಿಂಗಿನ ತಾಮ್ರ ಸೇರ್ಸಿದ್ರೆ ಟಿ ಟೈಪ್, 100 ಡಿಗ್ರಿಗೆ 4.28 ಮಿಲಿವೋಲ್ಟ್. ಸೆಂಟ್ರಿಂಗ್ ಕೆಲ್ಸದೋರು ಕಂಬಿ ಕಟ್ಟೋಕೆ ಬಳಸೋ ಕಪ್ಪು ಬೈಂಡಿಂಗ್ ವೈರ್ ಸೇರ್ಸಿದ್ರೆ ಹತ್ತಿರ ಹತ್ತಿರ ಜೆ ಟೈಪ್, ಅದು 100 ಡಿಗ್ರಿಗೆ 5.27. ಹತ್ತಿರ ಹತ್ತಿರ ಅಂದೆ ಯಾಕಂದ್ರೆ ಬೈಂಡಿಂಗ್ ವೈರ್ ಮಾಡೋನಿಗೆ ನಿಮ್ಮ ಮಿಲಿವೋಲ್ಟ್ ಚಿಂತೆ ಇಲ್ಲ, ನೀವೇ ಕ್ಯಾಲಿಬ್ರೇಟ್ ಮಾಡ್ಕೋಬೇಕು, ಜೊತೆಗೆ ತುಕ್ಕು ಬೇರೆ. ತಾಮ್ರ-ಕಾನ್ಸ್ಟಂಟನ್ ಜೋಡಿಗೆ ಮಾಮೂಲಿ ಸೋಲ್ಡರ್ ಐರನ್ನೇ ಸಾಕು, 150 ಡಿಗ್ರಿ ಒಳಗಿನ ಕೆಲ್ಸಕ್ಕೆ ಇದಕ್ಕಿಂತ ಆರಾಮಿಲ್ಲ. ಆಲೆಮನೇಲಿ ಬೆಲ್ಲದ ಪಾಕ ಹದಕ್ಕೆ ಬರೋದು 118-120 ಡಿಗ್ರಿ ಆಸುಪಾಸಲ್ಲಿ, ಅಂಥ ಕಡೆಗೆ ಟಿ ಟೈಪ್ ಹೇಳಿ ಮಾಡ್ಸಿದ್ದು, ಆದ್ರೆ ಸೀಸ ಇರೋ ಬೆಸುಗೆನ ತಿನ್ನೋ ಪದಾರ್ಥದಲ್ಲಿ ಅದ್ದಬೇಡಿ ದಯವಿಟ್ಟು, ಒಂದು ಕಡೆ ಮುಚ್ಚಿರೋ ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬೊಳಗೆ ಹಾಕಿ.

ತಾಮ್ರ ಮತ್ತೆ ಕಬ್ಬಿಣ ಸಾಕಲ್ವಾ, ಎರಡೂ ಮನೇಲೇ ಇದೆ ಅಂತ ಕೇಳ್ತಾರೆ. ಆಗತ್ತೆ, ಆದ್ರೆ ಒಂದು ಕಿತಾಪತಿ ಇದೆ. ಈ ಜೋಡೀಲಿ ಬಿಸಿ ಏರಿದ ಹಾಗೆ ವೋಲ್ಟೇಜ್ ಏರಿ, ಸುಮಾರು 270-280 ಡಿಗ್ರಿ ಹತ್ರ ತುತ್ತತುದಿಗೆ ಹೋಗಿ, ಆಮೇಲೆ ಇಳಿಯೋಕೆ ಶುರು ಆಗತ್ತೆ. ಹಾಗಾಗಿ ಒಂದೇ ಓದಿಗೆ ಎರಡು ಟೆಂಪರೇಚರ್. 250 ಇದ್ರೂ ಅದೇ ನಂಬರ್, 300 ಇದ್ರೂ ಅದೇ ನಂಬರ್. ಮಕ್ಕಳಿಗೆ ತೋರ್ಸೋಕೆ ಚೆನ್ನಾಗಿದೆ, ಅಡುಗೆಗಲ್ಲ.

ಸರಿ, ಎಲ್ರೂ ಕಾಯ್ತಿರೋ ವೆಲ್ಡಿಂಗ್. ಮೊದ್ಲು ಎರಡು ವೈರಿನ ತುದಿ ಮರಳು ಕಾಗದದಲ್ಲಿ ತಿಕ್ಕಿ ಹೊಳಪು ಮಾಡಿ, ಇಕ್ಕಳದಲ್ಲಿ ಹಿಡಿದು ಎರಡು ಸುತ್ತು ತಿರುಚಿ, ಜಾಸ್ತಿ ಬೇಡ. ಯಾಕಂದ್ರೆ ಥರ್ಮೋಕಪಲ್ ಅಳೆಯೋದು ತುದಿ ಮಣೀನಲ್ಲ, ಮೀಟರ್ ಕಡೆಯಿಂದ ಬಂದ್ರೆ ಎರಡು ವೈರು ಮೊದಲ್ನೇ ಸಲ ಎಲ್ಲಿ ಮುಟ್ಕೊಳ್ಳತ್ತೋ ಆ ಜಾಗಾನ. ಒಂದು ಇಂಚು ತಿರುಚಿ ತುದಿ ಚೆಂದ ವೆಲ್ಡ್ ಮಾಡಿದ್ರೆ, ಅಳತೆ ಬರೋದು ಒಂದು ಇಂಚು ಹಿಂದಿಂದು. ಬರೀ ತಿರುಚಿ ಬಿಟ್ರೂ ಕೆಲ್ಸ ಮಾಡತ್ತೆ, ಕೆಲವು ದಿನ ಬಿಸಿ ಬಿದ್ಮೇಲೆ ಮೇಲ್ಮೈ ಆಕ್ಸೈಡ್ ಆಗಿ ಸಂಪರ್ಕ ಬಿಟ್ಟು ಬಿಟ್ಟು ಬರತ್ತೆ, ಆಗ ನಂಬರ್ ಕುಣಿಯತ್ತೆ.

ಗಟ್ಟಿಯಾಗಿ ಬೇಕು ಅಂದ್ರೆ ನಂಗಿಷ್ಟ ಕೆಪಾಸಿಟರ್ ದಾರಿ. 47,000 ಮೈಕ್ರೋಫ್ಯಾರಡ್ ಆಗೋ ಅಷ್ಟು ಕೆಪಾಸಿಟರ್ ಸಮಾನಾಂತರ ಜೋಡ್ಸಿ, ಒಂದು ರೆಸಿಸ್ಟರ್ ಮೂಲಕ 30 ವೋಲ್ಟಿಗೆ ಚಾರ್ಜ್ ಮಾಡಿದ್ರೆ ಅದರಲ್ಲಿ ಸುಮಾರು 21 ಜೂಲ್ ಇರತ್ತೆ, ಅರ್ಧ ಮಿಲಿಮೀಟರ್ ವೈರಿನ ತುದಿ ಕರಗಿ ಮಣಿಯಾಗೋಕೆ ಅಷ್ಟು ಸಾಕು. ತಿರುಚಿದ ವೈರನ್ನ ಒಂದು ಕಡೆಗೆ ಕ್ಲಿಪ್ ಮಾಡಿ, ಇನ್ನೊಂದು ಕಡೆಗೆ ಹಳೇ ಮಾಮೂಲಿ ಜಿಂಕ್ ಸೆಲ್ಲೊಳಗಿನ ಕಾರ್ಬನ್ ಕಡ್ಡಿ ಹಾಕಿ, ತುದಿನ ಕಡ್ಡಿಗೆ ಮುಟ್ಟಿಸಿದ್ರೆ ಠಪ್ ಅಂತ ಒಂದು ಕಿಡಿ, ಮಣಿ ರೆಡಿ. ಕಣ್ಣಿಗೆ ಗಾಗಲ್ ಇಲ್ಲದೆ ಮಾಡ್ಬೇಡಿ, ಕರಗಿದ ಲೋಹ ಸಿಡಿಯತ್ತೆ. ಮುಗಿದ್ಮೇಲೆ ಕೆಪಾಸಿಟರ್ ಖಾಲಿ ಮಾಡಿಯೇ ಎತ್ತಿಡಿ. ಕಾರ್ ಬ್ಯಾಟರಿಯಿಂದ ಇದೇ ಕಾರ್ಬನ್ ಕಡ್ಡಿಗೆ ಆರ್ಕ್ ಹೊಡೆಯೋರೂ ಇದ್ದಾರೆ, ಅದಕ್ಕೆ ಮಾಮೂಲಿ ಗಾಗಲ್ ಸಾಲಲ್ಲ, ವೆಲ್ಡಿಂಗ್ ಗ್ಲಾಸೇ ಬೇಕು. ಮನೆ ಪ್ಲಗ್ಗಿನ 230 ವೋಲ್ಟಲ್ಲಿ ನೇರವಾಗಿ ಏನೋ ಮಾಡೋ ವಿಡಿಯೋಗಳು ಓಡಾಡ್ತಿವೆ, ಅದನ್ನ ನೋಡಿ ಮರೆತುಬಿಡಿ.

ಇದ್ಯಾವ್ದೂ ಬೇಡ ಅಂದ್ರೆ ಅಕ್ಕಸಾಲಿ ಹತ್ರ ಹೋಗಿ. ನಿಜವಾಗ್ಲೂ ಹೇಳ್ತಿದೀನಿ. ನಮ್ಮ ಬೀದಿ ಕೊನೇಲಿ ಚಿಕ್ಕ ಅಂಗಡಿ ಇಟ್ಕೊಂಡಿರೋ ಆಚಾರ್ರು ವೈರ್ ನೋಡಿ "ಏನ್ ಸಾರ್ ಇದು, ಬೆಳ್ಳಿನೂ ಅಲ್ಲ ಉಕ್ಕೂ ಅಲ್ಲ" ಅಂದ್ರು, ಅಷ್ಟರಲ್ಲೇ ಬಿಳಿಗಾರ ಹಚ್ಚಿ, ಬೆಳ್ಳಿ ಬೆಸುಗೆ ಚೂರಿಟ್ಟು, ಊದುಗೊಳವೆ ಉರಿ ಬಿಟ್ಟು, ಸಾಸಿವೆ ಕಾಳಿನಷ್ಟು ಅಚ್ಚುಕಟ್ಟಾದ ಮಣಿ ಮಾಡಿ ಕೊಟ್ರು, ದುಡ್ಡು ಕೊಟ್ರೆ ಟೀ ಕುಡಿಸಿ ಸಾರ್ ಸಾಕು ಅಂದ್ರು. ಬೆಳ್ಳಿ ಬೆಸುಗೆ ಕರಗೋದು 600-700 ಡಿಗ್ರಿ ಮೇಲೆ, ಹಾಗಾಗಿ ಕಾಫಿಗೆ, ಓವನ್ನಿಗೆ ಧಾರಾಳ ಸಾಕು. ಮಡಕೆ ಸುಡೋ ಕಿಲ್ನಿಗೆ ಮಾತ್ರ ವೆಲ್ಡೇ ಬೇಕು.

ತುದಿ ಕಥೆ ಅಷ್ಟೇ. ಈಗ ತಣ್ಣನೆ ಕೊನೆ.

ಥರ್ಮೋಕಪಲ್ ಹೇಳೋದು ತುದಿ ಎಷ್ಟು ಬಿಸಿ ಅಂತಲ್ಲ, ತುದಿ ಮತ್ತೆ ಮೀಟರ್ ಟರ್ಮಿನಲ್ ಮಧ್ಯ ಎಷ್ಟು ವ್ಯತ್ಯಾಸ ಅಂತ. ಬರೀ ಮಲ್ಟಿಮೀಟರಲ್ಲಿ ಓದ್ತಿದ್ರೆ ಲೆಕ್ಕ ನೀವೇ ಮಾಡ್ಬೇಕು. ರೂಮ್ 30 ಡಿಗ್ರಿ ಇದೆ, ಮೀಟರ್ 6.94 ಮಿಲಿವೋಲ್ಟ್ ತೋರಿಸ್ತು ಅನ್ಕೊಳ್ಳಿ. ಕೆ ಟೈಪಿನ ಡಿಗ್ರಿ-ಮಿಲಿವೋಲ್ಟ್ ಟೇಬಲಲ್ಲಿ 30 ಡಿಗ್ರಿಗೆ 1.20, ಎರಡೂ ಕೂಡಿದ್ರೆ 8.14, ಟೇಬಲಲ್ಲಿ ಅದು 200 ಡಿಗ್ರಿ. ಕೂಡೋದು ಮಿಲಿವೋಲ್ಟನ್ನ, ಡಿಗ್ರಿನ ಅಲ್ಲ. ಅಗ್ಗದ ಮೀಟರಿನ 200 ಮಿಲಿವೋಲ್ಟ್ ರೇಂಜಲ್ಲಿ 0.1 ಮಿಲಿವೋಲ್ಟ್ ಅಷ್ಟೇ ಕಾಣೋದು, ಅಂದ್ರೆ ಎರಡೂವರೆ ಡಿಗ್ರಿ ಒಂದು ಮೆಟ್ಟಿಲು, ಅದಕ್ಕಿಂತ ಸೂಕ್ಷ್ಮ ಬೇಕಾದ್ರೆ ಮಾಡ್ಯೂಲೇ ಸರಿ.

ಮ್ಯಾಕ್ಸ್6675 ಈ ಲೆಕ್ಕಾನ ತಾನೇ ಮಾಡತ್ತೆ, ಕಾಲು ಡಿಗ್ರಿ ಮೆಟ್ಟಿಲು, ಸೊನ್ನೆಯಿಂದ 1024 ಡಿಗ್ರಿ ತನಕ. ಆದ್ರೆ ಅದು ರೂಮ್ ಟೆಂಪರೇಚರ್ ಅಂತ ನೋಡೋದು ಚಿಪ್ಪಿನ ಬಿಸಿನ, ನಿಮ್ಮ ವೈರು ಸೇರೋದು ಪಕ್ಕದ ನೀಲಿ ಅಥ್ವಾ ಹಸಿರು ಸ್ಕ್ರೂ ಟರ್ಮಿನಲ್ಲಿಗೆ. ಅವೆರಡು ಒಂದೇ ಬಿಸೀಲಿಲ್ಲ ಅಂದ್ರೆ ಎಷ್ಟು ವ್ಯತ್ಯಾಸವೋ ಅಷ್ಟೂ ನೇರ ತಪ್ಪು. ಬೋರ್ಡನ್ನ ಡ್ರಮ್ಮಿನ ಪಕ್ಕ ಇಟ್ರೆ ಒಂದು ಕಡೆಗೆ ಶಾಖ ಹೊಡೆಯತ್ತೆ, ಫ್ಯಾನ್ ಗಾಳಿಗಿಟ್ರೆ ಇನ್ನೊಂದು ಥರ. ದೂರ ಇಟ್ಟು, ಟರ್ಮಿನಲ್ಲೂ ಚಿಪ್ಪೂ ಸೇರಿ ಒಂದು ಥರ್ಮೋಕೋಲ್ ಚೂರಲ್ಲಿ ಮುಚ್ಚಿ, ಅಷ್ಟಕ್ಕೇ ಎಷ್ಟೋ ಸ್ಥಿರ ಆಗತ್ತೆ. ಇನ್ನೊಂದು, ಈ ಚಿಪ್ಪಿಗೆ ಒಂದು ಸಲ ಅಳೆಯೋಕೆ 0.22 ಸೆಕೆಂಡ್ ತನಕ ಬೇಕು, ಕೋಡಲ್ಲಿ ಅದಕ್ಕಿಂತ ಬೇಗ ಬೇಗ ಕೇಳಿದ್ರೆ ಅಳತೆ ಅರ್ಧಕ್ಕೇ ನಿಂತು ಹಳೇ ನಂಬರೇ ಬರ್ತಾ ಇರತ್ತೆ, ಪ್ರೋಬ್ ಕೆಟ್ಟಿದೆ ಅಂತ ಜನ ಅದನ್ನ ಬಿಸಾಕ್ತಾರೆ. ಜೊತೆಗೆ ಡೇಟಾಶೀಟ್ ಪ್ರಕಾರ ಅದು ಡಿಗ್ರಿಗೆ 41 ಮೈಕ್ರೋವೋಲ್ಟ್ ಅಂತ ನೇರ ಗೆರೆ ಹಾಕ್ಕೊಂಡು ಹೋಗತ್ತೆ, 200 ಡಿಗ್ರೀಲಿ ಒಂದು ಡಿಗ್ರಿ ಕಮ್ಮಿ, 500ರಲ್ಲಿ ನಾಲ್ಕು ಡಿಗ್ರಿ ಜಾಸ್ತಿ ಬರತ್ತೆ. ಕಾಫಿಗೆ ಇದು ವಿಷಯಾನೇ ಅಲ್ಲ.

ಚೆಕ್ ಮಾಡೋಕೆ ಫ್ಲಾಸ್ಕಲ್ಲಿ ಪುಡಿ ಮಾಡಿದ ಐಸು ಮತ್ತೆ ಸ್ವಲ್ಪ ನೀರು, ಐಸೇ ಜಾಸ್ತಿ ಇರ್ಬೇಕು, ಅದು ಸೊನ್ನೆ. ಕುದಿಯೋ ನೀರು 100 ಅಂದ್ಕೋಬೇಡಿ, ಮಂಗಳೂರಲ್ಲಿ ಸರಿ, ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲೆ ಇರೋದ್ರಿಂದ ಇಲ್ಲಿ ನೀರು ಕುದಿಯೋದು 97 ಡಿಗ್ರಿ ಆಸುಪಾಸು, ಮಡಿಕೇರೀಲಿ ಇನ್ನೂ ಸ್ವಲ್ಪ ಕಮ್ಮಿ. 97 ತೋರ್ಸತ್ತೆ ಅಂತ ಕೋಡಲ್ಲಿ 3 ಕೂಡೋ ಜನ ಇದ್ದಾರೆ, ಸರಿ ಇದ್ದ ಪ್ರೋಬನ್ನ ಕೈಯಾರೆ ಕೆಡಿಸ್ಕೊಳ್ಳೋದು ಅಂದ್ರೆ ಇದೇ. ಮೇಲಿನ ಕಡೆಗೆ ಒಂದು ಪಾಯಿಂಟ್ ಬೇಕು ಅಂದ್ರೆ 63/37 (63 ಭಾಗ ತವರ, 37 ಭಾಗ ಸೀಸ) ಸೋಲ್ಡರ್ ಒಳ್ಳೇದು. ಅಡುಗೆಗೆ ಬಳಸದ ಒಂದು ಸ್ಟೀಲ್ ಸೌಟಲ್ಲಿ ಕರಗಿಸಿ, ಕಿಟಕಿ ತೆಗೆದಿಟ್ಟು, ತುದಿ ಅದ್ದಿ ಉರಿ ಆರಿಸಿ. ನಂಬರ್ ಇಳೀತಾ ಇಳೀತಾ 183ರಲ್ಲಿ ನಿಂತ್ಬಿಡತ್ತೆ, ಸೋಲ್ಡರ್ ಪೂರ್ತಿ ಗಟ್ಟಿ ಆಗೋವರೆಗೂ ಅಲ್ಲೇ, ಆಮೇಲೆ ಮತ್ತೆ ಇಳಿಯತ್ತೆ. ಕರಗಿದ ಸೋಲ್ಡರ್ ಎರಡೂ ವೈರನ್ನ ಮುಟ್ಟತ್ತಲ್ಲ ಅಂತ ಹೆದರ್ಬೇಡಿ, ಮೂರ್ನೇ ಲೋಹದ ಮಾತು ಆಗ್ಲೇ ಹೇಳಿದೆ. ತುದಿ ಆಮೇಲೆ ಕತ್ತರಿಸಿ ಹೊಸದು ಮಾಡ್ಕೊಳ್ಳಿ. ಹೊಸ ವೈರಿಗೂ ಎರಡು ಡಿಗ್ರಿ ಆಚೀಚೆ ಇರೋ ಹಕ್ಕಿದೆ, ಅಮೆರಿಕದ ಸ್ಟ್ಯಾಂಡರ್ಡಲ್ಲೇ ಮಾಮೂಲಿ ಕೆ ಟೈಪಿಗೆ 2.2 ಡಿಗ್ರಿ ಅಥ್ವಾ 0.75 ಪರ್ಸೆಂಟ್, ಯಾವ್ದು ಜಾಸ್ತಿಯೋ ಅದು.

ಕೂರಿಸೋವಾಗ ವೈರಿನ ಬಿಸಿ ಜಾಗದಲ್ಲಿರೋ ಉದ್ದ ಧಾರಾಳ ಇರ್ಲಿ, ಪ್ರೋಬಿನ ದಪ್ಪದ ಹತ್ತರಷ್ಟಾದ್ರೂ ಒಳಗಿರ್ಬೇಕು, ಇಲ್ಲಾಂದ್ರೆ ವೈರೇ ಬಿಸಿನ ಹೊರಗೆ ಎಳ್ಕೊಂಡು ತುದಿ ತಣ್ಣಗಾಗತ್ತೆ. ನನ್ನ ಡ್ರಮ್ಮಿನ ಮುಂದಿನ ತಟ್ಟೆ ತಿರುಗಲ್ಲ, ಅಲ್ಲಿ ತೂತು ಕೊರೆದು ಬೀಜ ಬೀಳೋ ಕಡೆಗೆ ಮುಖ ಮಾಡಿ ತೆಳು ಸ್ಟೀಲ್ ಟ್ಯೂಬಲ್ಲಿ ಹಾಕಿದೀನಿ, ಒಳಗೆ ಹೀಟರ್ ಅಂಗಡೀಲಿ ಸಿಗೋ ಎರಡು ತೂತಿನ ಪಿಂಗಾಣಿ ಮಣಿ. ಕಿಲ್ನಲ್ಲಿ ಬಳಸೋರು ಒಂದು ನೆನಪಿಟ್ಕೊಳ್ಳಿ, ಬಹಳ ದಿನ ಬೆಂದ ವೈರಲ್ಲಿ ಬಿಸಿ ಇಳಿಯೋ ಭಾಗದ ಲೋಹವೇ ಬದಲಾಗಿರತ್ತೆ, ತುದಿ ಮಾತ್ರ ಕತ್ತರಿಸಿ ಹೊಸದು ಮಾಡಿದ್ರೆ ರಿಪೇರಿ ಆಗಲ್ಲ, ಅದನ್ನ ಇನ್ನೊಂದು ಆಳಕ್ಕೆ ಎಳೆದಿಟ್ರೆ ಇನ್ನೊಂದೇ ನಂಬರ್ ಹೇಳತ್ತೆ. ಅಂಥ ವೈರ್ ಪೂರ್ತಿ ಎಸೀಬೇಕು.

ಎಲ್ಲಾ ಸರಿ ಮಾಡಿದ್ರೂ ಓದು ಹಾರಾಡ್ತಿದ್ರೆ ಮೊದ್ಲು ಅನುಮಾನ ಪಡ್ಬೇಕಾದ್ದು ಬರಿ ತುದಿ ಮಷೀನಿನ ಬಾಡಿಗೆ ಮುಟ್ತಿದ್ಯಾ ಅಂತ. ಮೋಟರ್ ಇರೋ ಮಷೀನ್ ಅರ್ಥಿಂಗಿಗೆ ಹೋಗಿರತ್ತೆ, ಬೋರ್ಡು ಲ್ಯಾಪ್‌ಟಾಪಿನ ಯುಎಸ್‌ಬಿಗೆ, ಲ್ಯಾಪ್‌ಟಾಪ್ ಚಾರ್ಜರಿಂದ ಮತ್ತೆ ಅರ್ಥಿಂಗಿಗೆ, ಮಧ್ಯ ಸಿಕ್ಕಿಹಾಕೊಂಡಿರೋದು ನಿಮ್ಮ ಕೆಲವೇ ಮಿಲಿವೋಲ್ಟು. ಇದೇ ಥರದ ಇನ್ನೊಂದು ಚಿಪ್ಪು ಮ್ಯಾಕ್ಸ್31855 ಆದ್ರೆ ನೇರವಾಗಿ ಗ್ರೌಂಡಿಗೆ ಶಾರ್ಟ್ ಅಂತ ಎರರ್ ಕೊಟ್ಟು ಕೂತ್ಕೊಳ್ಳತ್ತೆ, 6675 ಪಾಪ ಏನೋ ಒಂದು ನಂಬರ್ ಹೇಳ್ತಾನೇ ಇರತ್ತೆ. ತುದಿಗೂ ಟ್ಯೂಬಿಗೂ ಮಧ್ಯ ಅಭ್ರಕದ ಚೂರೋ, 260 ಡಿಗ್ರಿ ಒಳಗಾದ್ರೆ ಬಿಸಿ ತಡೆಯೋ ಕ್ಯಾಪ್ಟಾನ್ (Kapton) ಟೇಪೋ ಹಾಕಿ. ಅದಕ್ಕೂ ಮುಂಚೆ ಲ್ಯಾಪ್‌ಟಾಪ್ ಕಿತ್ತು ಬೋರ್ಡನ್ನ ಪವರ್ ಬ್ಯಾಂಕಿಂದ ಒಂದು ಸಲ ಓಡ್ಸಿ ನೋಡಿ, ನಂಬರ್ ನಿಂತ್ರೆ ನಿಮ್ಮ ಥರ್ಮೋಕಪಲ್ ಚೆನ್ನಾಗೇ ಇದೆ.